ಅವರೆ ಹೂವಿನ ಬಣ್ಣದ ಪಿನ್ನುಗಳು

ಬೊಮ್ಮನಹಳ್ಳಿ ಅಂದರೆ ಈಗಿನವರಿಗೆ ಸಿಗ್ನಲ್ಲು, ಹೊಗೆ, ಹಾರ್ನು. ನಾನು ಹೇಳುತ್ತಿರುವುದು ಎಂಬತ್ತೆರಡು, ಎಂಬತ್ತಮೂರನೇ ಇಸವಿಯ ಮಾತು. ಆಗ ಹೊಸೂರು ರಸ್ತೆಯಲ್ಲಿ ಬಸ್ಸು ಇಳಿದವರು ಎಡಬಲ ನೋಡದೆಯೇ ರಸ್ತೆ ದಾಟುತ್ತಿದ್ದರು. ಆಚೆ ಬದಿಗೆ ನೀಲಗಿರಿ ತೋಪು, ಅದರ ಹಿಂದೆ ರಾಗಿ ಹೊಲ, ಹೊಲದ ನಡುವೆ ಸಿಮೆಂಟ್ ಶೀಟು ಹೊದಿಸಿದ ಒಂದು ಉದ್ದನೆಯ ಶೆಡ್ಡು. ಅದೇ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿ. ಎಂಬತ್ತು ಮಿಷನ್ನು, ನೂರಿಪ್ಪತ್ತು ಜನ. ಹೊರದೇಶದ ಹೆಂಗಸರು ಹಾಕಿಕೊಳ್ಳುವ ಶರಟುಗಳನ್ನು ನಮ್ಮ ಬೇಗೂರು, ಕೂಡ್ಲು, ಹೊಂಗಸಂದ್ರದ ಹುಡುಗಿಯರು ಹೊಲಿಯುತ್ತಿದ್ದರು.

ನಾನು ಅಲ್ಲಿ ಟೈಮ್ ಆಫೀಸಿನ ಗುಮಾಸ್ತ. ಹನುಮಂತರಾಯಪ್ಪ ಅಂತ ಹೆಸರು. ಅಷ್ಟುದ್ದ ಕೂಗುವ ತಾಳ್ಮೆ ಯಾರಿಗೂ ಇಲ್ಲದ್ದರಿಂದ ಎಲ್ಲರಿಗೂ ರಾಯಪ್ಪ. ಹಾಜರಿ, ಟಪಾಲು, ಟೈಪಿಂಗು, ಗೇಟ್ ಪಾಸು, ಎಲ್ಲ ನನ್ನ ತಲೆಗೇ ಕಟ್ಟಿದ್ದರು. ಇಪ್ಪತ್ತನಾಲ್ಕು ವರ್ಷ ವಯಸ್ಸು, ತಿರುಗಿಸಿ ಬಾಚಿದ ಕ್ರಾಪು, ಜೇಬಿನಲ್ಲಿ ಎರಡು ಪೆನ್ನು. ಫ್ಯಾಕ್ಟರಿ ನಡೆಯುತ್ತಿರುವುದೇ ನನ್ನಿಂದ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಅದರಲ್ಲೂ ನೋಟಿಸ್ ಬೋರ್ಡಿನ ವಿಷಯಕ್ಕೆ ಬಂದರೆ ನನಗೆ ಬಲು ಜಂಬ. ಅದು ನನ್ನ ಬೋರ್ಡು. ಬೀಗದ ಗಾಜು ಗೀಜು ಏನೂ ಇಲ್ಲದ, ಹಸಿರು ಬಟ್ಟೆ ಹೊದಿಸಿದ ಹಲಗೆ. ಪೂರ್ವದ ಕಿಟಕಿಯ ಎದುರಿನ ಗೋಡೆಗೆ ನೇತಾಡುತ್ತಿತ್ತು. ರಜಾ ಪಟ್ಟಿ, ಓವರ್‌ಟೈಮ್ ಪಟ್ಟಿ, ಮೂಲೆಯಲ್ಲಿ ಉಗುಳಬಾರದು ಅನ್ನುವ ಎಚ್ಚರಿಕೆ, ಎಲ್ಲವನ್ನೂ ನಾನೇ ಟೈಪು ಮಾಡಿ ನಾನೇ ಚುಚ್ಚುತ್ತಿದ್ದೆ.

ಒಂದು ಸೋಮವಾರ ಬಂದು ನೋಡುತ್ತೇನೆ, ರಜಾ ಪಟ್ಟಿಯ ನಾಲ್ಕು ಮೂಲೆಯಲ್ಲೂ ಬಣ್ಣದ ಗುಂಡಿಗಳು! ನನ್ನ ಡ್ರಾಯಿಂಗ್ ಪಿನ್ನುಗಳ ತಲೆಗೆ ಯಾರೋ ಬಟ್ಟೆ ಹೊದಿಸಿ, ಮೇಲೊಂದು ಪುಟ್ಟ ಗುಂಡಿ ಹೊಲಿದಿದ್ದರು. ಒಂದು ಕೆಂಪು, ಒಂದು ಚೌಕುಳಿ, ಎರಡು ಹಳದಿ. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾರ್ರೀ ಇದು? ನೋಟಿಸ್ ಬೋರ್ಡನ್ನ ಮದುವೆಮನೆ ಮಾಡಿಟ್ಟವ್ರು?" ಅಂತ ಕೂಗಿದೆ.

ಕಸ ಗುಡಿಸುತ್ತಿದ್ದ ಪಿಳ್ಳಮ್ಮ ಪೊರಕೆ ಹಿಡಿದುಕೊಂಡೇ ಬಂದಳು. ನಲವತ್ತೈದರ ಆಸುಪಾಸಿನ ಹೆಂಗಸು. ಗಟ್ಟಿ ಆಳು, ಹಣೆಯಲ್ಲಿ ದೊಡ್ಡ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲ.

"ನಾನೇ ಸಾ. ಪಿನ್ನು ತುಕ್ಕಿಡಿದು ಕಾಗ್ದದ ಮ್ಯಾಗೆಲ್ಲ ಕರೆ ಆಗಿತ್ತು. ಓದೋರ್ಗೆ ಅಸಯ್ಯ ಅಲ್ವಾ?"

"ನೀನು ಓದ್ತೀಯೇನಮ್ಮ?"

"ನಾನೆಲ್ಲಿ ಓದ್ಲಿ ಸಾ. ನೋಡ್ತೀನಿ."

ಕಿತ್ತುಹಾಕು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸೈರನ್ನು ಕೂಗಿ ಹುಡುಗಿಯರ ದಂಡು ಒಳಗೆ ನುಗ್ಗಿತು. ಯಾವತ್ತೂ ಬೋರ್ಡಿನ ಕಡೆ ಕತ್ತು ತಿರುಗಿಸದ ಅವರೆಲ್ಲ ಅವತ್ತು ಪಿನ್ನು ನೋಡಲು ನಿಂತರು. ಪಿನ್ನು ನೋಡುತ್ತಾ ರಜಾ ಪಟ್ಟಿಯನ್ನೂ ಓದಿಬಿಟ್ಟರು. ಮೂರು ತಿಂಗಳಿಂದ ಅಲ್ಲಿದ್ದ ಪಟ್ಟಿ! ನಾನು ಸುಮ್ಮನೆ ಒಳಗೆ ಹೋಗಿ ಕುಳಿತೆ.

ಪಿಳ್ಳಮ್ಮನದು ಅಲ್ಲೇ ಪಕ್ಕದ ಹೊಂಗಸಂದ್ರ. ನಮ್ಮ ಫ್ಯಾಕ್ಟರಿ ನಿಂತಿದ್ದು ಅವಳ ಗಂಡನ ಮನೆಯವರ ಹೊಲದಲ್ಲಿ. ಅಣ್ಣತಮ್ಮಂದಿರು ಪಾಲಾದಾಗ ರಸ್ತೆ ಬದಿಯ ಭಾಗವನ್ನು ಮಾರಿದ್ದರು. ಹಿಂದಿನ ಎರಡು ಎಕರೆಯಲ್ಲಿ ಗಂಡ ನಲ್ಲಪ್ಪ ಇನ್ನೂ ರಾಗಿ, ಅವರೆ ಹಾಕುತ್ತಿದ್ದ. "ಈ ಬೋಲ್ಡ್ ಐತಲ್ಲ ಸಾ, ಇಲ್ಲೇ ನಮ್ಮ ಅವರೆ ಸಾಲು ಇದ್ದಿದ್ದು. ನಾನು ಮದ್ವೆಯಾಗಿ ಬಂದ ವರ್ಸ ಇಲ್ಲೇ ಕೂತು ಕಳೆ ಕಿತ್ತಿವ್ನಿ," ಅಂತ ಒಂದು ಸಲ ನೆಲ ಒರೆಸುತ್ತಾ ಹೇಳಿದಳು. ಹಾಗೆ ಹೇಳುವಾಗ ಬೇಜಾರೇನೂ ಇರಲಿಲ್ಲ. ತನ್ನ ಜಾಗ ತಾನು ನೋಡಿಕೊಳ್ಳುತ್ತಿದ್ದೇನೆ ಅನ್ನುವ ಧೋರಣೆ ಇತ್ತು.

ಅವಳಿಗೆ ಈ ಕಲೆ ಬಂದದ್ದು ಎತ್ತುಗಳಿಂದ. ಸಂಕ್ರಾಂತಿಗೆ ಕಿಚ್ಚು ಹಾಯಿಸುವ ಮುಂಚೆ ಎತ್ತಿನ ಹಣೆಗೆ ಪಟ್ಟಿ, ಕೊರಳಿಗೆ ಗೊಂಡೆ, ಕೊಂಬಿಗೆ ಬಣ್ಣದ ಬಟ್ಟೆ ಕಟ್ಟುತ್ತಾರಲ್ಲ, ಅದನ್ನೆಲ್ಲ ಹಳೆ ಸೀರೆಯ ಅಂಚಿನಲ್ಲಿ ಅವಳೇ ಮಾಡುತ್ತಿದ್ದಳಂತೆ. ಊರಿನ ಅರ್ಧ ಎತ್ತುಗಳಿಗೆ ಅವಳ ಕೈ ಕೆಲಸವೇ. ಹೊಲ ಸಣ್ಣದಾದ ಮೇಲೆ ಎತ್ತು ಕೊಟ್ಟುಬಿಟ್ಟರು. ಕೈ ಮಾತ್ರ ಸುಮ್ಮನಿರಲಿಲ್ಲ. ಫ್ಯಾಕ್ಟರಿಗೆ ಕಸ ಗುಡಿಸಲು ಬಂದವಳಿಗೆ ಕಸದಲ್ಲೇ ಹಬ್ಬ ಕಂಡಿತು. ಕಟಿಂಗ್ ಟೇಬಲ್ಲಿನ ಕೆಳಗೆ ಬಣ್ಣಬಣ್ಣದ ತುಂಡು, ಒಡೆದ ಗುಂಡಿ, ಕಾಲರಿಗೆ ಇಡುವ ರಟ್ಟು, ದಾರ ಮುಗಿದ ಕೋನು.

ಆ ದಾರದ ಕೋನನ್ನು ನೋಡಿ ನಮಗ್ಯಾರಿಗೂ ಏನೂ ಅನ್ನಿಸಿರಲಿಲ್ಲ. ಅವಳಿಗೆ ಅದು ಎತ್ತಿನ ಕೊಂಬಾಗಿ ಕಂಡಿತು. ಅದನ್ನು ತಲೆಕೆಳಗು ಮಾಡಿ, ತುದಿ ಕತ್ತರಿಸಿ, ರಟ್ಟಿನ ತಳ ಕೂರಿಸಿ, ಕೆಂಪು ಹಳದಿ ಪಟ್ಟಿ ಸುತ್ತಿ, ಬಾಯಿಗೆ ಗೊಂಡೆ ಕಟ್ಟಿ ನನ್ನ ಮೇಜಿನ ಮೇಲೆ ತಂದಿಟ್ಟಳು. ಪೆನ್ನು ಇಡುವ ಸ್ಟ್ಯಾಂಡು. ಗೆಣ್ಣುದ್ದದ ಗೊಂಡೆಗಳು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದ್ದವು. "ನನ್ನನ್ನ ಎತ್ತು ಮಾಡ್ಬಿಟ್ಟೆಯಲ್ಲಮ್ಮ," ಅಂದೆ. "ದುಡಿಯೋರ್ಗೆ ತಾನೇ ಸಾ ಕಟ್ಟೋದು," ಅಂದಳು. ನನ್ನ ಜೇಬಿನ ಎರಡು ಪೆನ್ನುಗಳೂ ಅವತ್ತೇ ಅದರೊಳಗೆ ಹೋದವು.

ಆಮೇಲೆ ಅವಳನ್ನು ತಡೆಯುವವರೇ ಇರಲಿಲ್ಲ. ಮ್ಯಾನೇಜರ್ ಗೋಪಾಲಪ್ಪನವರ ಮೇಜಿಗೆ ಬೆಣಚುಕಲ್ಲಿಗೆ ಬಟ್ಟೆ ಹೊಲಿದ ಪೇಪರ್‌ವೆಯ್ಟು ಬಂತು. ಮಾದರಿ ಶರಟು ಹೊಲಿಯುವ ಸ್ಯಾಂಪಲ್ ರೂಮಿನ ಟೈಲರ್ ಶ್ಯಾಮಣ್ಣ ಮೇಷ್ಟ್ರಿಗೆ ಕುಂಬಳಕಾಯಿ ಆಕಾರದ ಸೂಜಿ ಮೆತ್ತೆ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿಗೆ ಗುಂಡಿ ಅಂಟಿಸಿ ಚೀಟಿ ಸಿಕ್ಕಿಸುವ ಕ್ಲಿಪ್ಪು. ನನ್ನ ಬೋರ್ಡಿನ ಮೇಲಂಚಿಗೆ ತ್ರಿಕೋನದ ತುಂಡುಗಳ ತೋರಣ. ಮದರಾಸಿನಿಂದ ಬರುತ್ತಿದ್ದ ಖರೀದಿದಾರರ ಏಜೆಂಟು ಒಂದು ಸಲ ಆ ಪೇಪರ್‌ವೆಯ್ಟನ್ನು ಎತ್ತಿ ತಿರುಗಿಸಿ ನೋಡಿ, ಎಲ್ಲಿ ಕೊಂಡಿರಿ ಅಂತ ಕೇಳಿದ. ಗೋಪಾಲಪ್ಪನವರು ಎಂ.ಜಿ. ರೋಡು ಅಂದುಬಿಟ್ಟರು.

ಪಿನ್ನು ಮಾಡುವುದನ್ನು ನಾನು ಊಟದ ಹೊತ್ತಿನಲ್ಲಿ ನೋಡಿದ್ದೇನೆ. ಬಟ್ಟೆಯನ್ನು ಎಂಟಾಣೆಯಷ್ಟಗಲಕ್ಕೆ ದುಂಡಗೆ ಕತ್ತರಿಸುವಳು. ಅಂಚಿನ ಸುತ್ತ ದಾರ ಓಡಿಸಿ, ನಡುವೆ ಪಿನ್ನು ಇಟ್ಟು, ದಾರ ಎಳೆದರೆ ಬಟ್ಟೆ ಸುಕ್ಕುಸುಕ್ಕಾಗಿ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಗಂಟು ಹಾಕಿ ಹಲ್ಲಿನಿಂದ ದಾರ ಕಡಿಯುವಳು. ನನಗೆ ಅದು ದಂಡದ ಕೆಲಸ ಅನ್ನಿಸುತ್ತಿತ್ತು.

"ಸೈಕಲ್ ಶಾಪಿನ ಸಲ್ಯೂಷನ್ ಮೆತ್ತಿದ್ರೆ ಅರೆ ನಿಮಿಷದ ಕೆಲ್ಸ. ಕ್ಲಿಪ್ಪಿಗೆ ಮೆತ್ತಲ್ವಾ?"

"ಕ್ಲಿಪ್ಪು ಮರ ಸಾ, ತಡಕಂತದೆ. ಬಟ್ಟೆಗೆ ಅಂಟು ಕುಡ್ಸಿದ್ರೆ ಅದು ಅಲ್ಲಿಗೆ ಸತ್ತೋಯ್ತು. ದಾರ ಆದ್ರೆ ನಾಳೆ ಬಿಚ್ಚಿ ಇನ್ನೊಂದ್ಕೆ ಆಕ್ಬೋದು."

ಶನಿವಾರ ಸಂಜೆ ಅವಳ ಹಬ್ಬ. ವಾರದ ತುಂಡುಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿ ಒಂದು ಗೋಣಿಚೀಲ ತುಂಬಿಕೊಂಡು ನನ್ನ ಕಿಟಕಿಗೆ ಬರುವಳು. ನಾನು ಗೇಟ್ ಪಾಸು ಬರೆಯಬೇಕು. ವಿವರ ಅನ್ನುವ ಕಡೆ, "ವೇಸ್ಟ್, ಒಂದು ಚೀಲ" ಅಂತ ಗೀಚಿ ಸಹಿ ಹಾಕುತ್ತಿದ್ದೆ. ಗೇಟಿನಲ್ಲಿ ವಾಚ್‌ಮನ್ ಆಂಜಿನಪ್ಪ ಅದನ್ನು ಗಟ್ಟಿಯಾಗಿ ಓದಿ, ಚೀಲದೊಳಗೆ ಮೊಣಕೈತನಕ ಕೈ ಹಾಕಿ ಕಲಕಿ ಬಿಡುತ್ತಿದ್ದ. ಚೀಲ ತಲೆಯ ಮೇಲಿಟ್ಟುಕೊಂಡು ಹೊಲದ ದಾರಿಯಲ್ಲಿ ಅವಳು ನಡೆದು ಹೋಗುವುದನ್ನು ನಾನು ಬಸ್ಸಿಗೆ ಕಾಯುತ್ತಾ ನೋಡುತ್ತಿದ್ದೆ. ಸಂಬಳದ ದಿನ ಕೂಡ ಅವಳ ನಡಿಗೆಯಲ್ಲಿ ಆ ಬಿಗಿ ಇರುತ್ತಿರಲಿಲ್ಲ. ಆ ಚೀಲವೊಂದಿದ್ದರೆ ಅವಳಿಗೆ ವಾರವಿಡೀ ಬೇರೇನೂ ಬೇಡ.

ಎಂಬತ್ತೆರಡರ ಡಿಸೆಂಬರಿನಲ್ಲಿ ನಡೆದದ್ದನ್ನು ಈಗ ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ.

ಟಪಾಲಿನಲ್ಲಿ ಹೊರದೇಶದ ಒಂದು ಲಕೋಟೆ ಬಂತು. ಪತ್ರದ ಜೊತೆ ಅಂಗೈಯಗಲದ ಒಂದು ಬಟ್ಟೆ ತುಂಡು, ಅಂಚೆಲ್ಲ ಗರಗಸದ ಹಲ್ಲಿನಂತೆ ಕತ್ತರಿಸಿದ್ದು. ತಿಳಿ ನೇರಳೆ ಬಣ್ಣ. ನಮ್ಮ ಬಣ್ಣ ಹಾಕುವವನು ಅದ್ದಿಕೊಟ್ಟಿದ್ದ ತುಂಡುಗಳಲ್ಲಿ ಒಂದನ್ನು ಆರಿಸಿ, ಮುಂದಿನ ಆರ್ಡರಿನ ಬಟ್ಟೆ ಇದೇ ಬಣ್ಣಕ್ಕೆ ಕೂಡಬೇಕು ಅಂತ ಒಪ್ಪಿ ಕಳಿಸಿದ ಮಾದರಿ ಅದು. ಅಂಥ ತುಂಡು ಬಂದರೆ ಅದನ್ನು ಶ್ಯಾಮಣ್ಣನ ಕೈಗೆ ಕೊಟ್ಟು ಟಪಾಲು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಬೇಕು. ನನ್ನ ಪದ್ಧತಿ ಏನೆಂದರೆ, ಬಂದ ದಿನವೇ "ಸ್ಯಾಂಪಲ್ ರೂಮಿಗೆ ಕೊಟ್ಟಿದೆ" ಅಂತ ಬರೆದುಬಿಡುವುದು, ಸಾಮಾನನ್ನು ಪುರುಸೊತ್ತಾದಾಗ ಕೊಡುವುದು, ಸಹಿಗಳನ್ನು ಶನಿವಾರ ಒಟ್ಟಿಗೆ ಹಾಕಿಸುವುದು. ಶ್ಯಾಮಣ್ಣನ ಪದ್ಧತಿ ಏನೆಂದರೆ, ಕನ್ನಡಕ ಹುಡುಕುವ ಗೋಜಿಗೆ ಹೋಗದೆ ನಾನು ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕುವುದು. ಒಬ್ಬರನ್ನೊಬ್ಬರು ನಂಬಿಕೊಂಡು ಎಲ್ಲರೂ ಹೀಗೇ ಕೆಲಸ ಮಾಡುತ್ತಿದ್ದ ಕಾಲ.

ಪತ್ರ ಫೈಲಿಗೆ ಸೇರಿಸುವಾಗ ತುಂಡು ದಪ್ಪಗೆ ಅಡ್ಡ ಬಂತು. ಪಿನ್ನು ಕಿತ್ತು ತುಂಡನ್ನು ಮೇಜಿನ ಮೇಲೆ ಹಾಕಿದೆ. ಅದರ ಮೇಲೆ ಹಾಜರಿ ಚೀಟಿ ಬಿತ್ತು, ಟೀ ಲೋಟ ಬಿತ್ತು. ನಾಲ್ಕೈದು ದಿನ ಬಿಟ್ಟು ಮೇಜು ಒರೆಸಲು ಬಂದ ಪಿಳ್ಳಮ್ಮ ಅದನ್ನು ಎತ್ತಿ ಹಿಡಿದು, "ಸಾ, ಇದೇನ್ ಸಾ, ಒಳ್ಳೆ ಅವರೆ ಊವಿನ್ ಬಣ್ಣ!" ಅಂದಳು. ನಾನು ಸಂಬಳದ ಪಟ್ಟಿ ಟೈಪು ಮಾಡುತ್ತಿದ್ದೆ. ತಲೆ ಎತ್ತದೆ, "ತಗೊಂಡೋಗಮ್ಮ, ನಿನ್ ಚೀಲಕ್ಕೆ ಹಾಕ್ಕೊ," ಅಂದೆ.

ಮಾರನೇ ವಾರ ಬೋರ್ಡಿನ ಮೇಲೆ ಒಂಬತ್ತು ನೇರಳೆ ಪಿನ್ನುಗಳಿದ್ದವು. ಬೆಳಗಿನ ಬಿಸಿಲು ಬಿದ್ದಾಗ ಹೊರಗೆ ಅವಳ ಹೊಲದಲ್ಲಿ ಅರಳಿದ ಅವರೆ ಹೂವೂ, ಒಳಗೆ ಬೋರ್ಡಿನ ಮೇಲಿನ ಪಿನ್ನೂ ಒಂದೇ ಬಣ್ಣ. ಆ ವಾರದಲ್ಲಿ ನಾನು ಬೇಕಿಲ್ಲದ ನೋಟಿಸನ್ನೂ ಹಾಕಿದ್ದುಂಟು, ಆ ಪಿನ್ನು ಚುಚ್ಚುವ ಆಸೆಗೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಶುಕ್ರವಾರ ಬಣ್ಣ ಹಾಕುವವನಿಂದ ಬಟ್ಟೆ ಬಂತು. ಅವನು ಎರಡು ಸಲ ಬಣ್ಣ ಕಾಯಿಸಿದ್ದನಂತೆ. ಬಟ್ಟೆ ಸುತ್ತಿದ ಥಾನುಗಳು ಎರಡು ರಾಶಿ, ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಒಂದು ಚೂರು ನೀಲಿಗೆ ತಿರುಗಿತ್ತು, ಇನ್ನೊಂದು ಚೂರು ಕೆಂಪಿಗೆ. ಯಾವುದು ಸರಿ? ಮಾದರಿ ತುಂಡು ಇಟ್ಟು ನೋಡಬೇಕು. ಸೋಮವಾರ ಏಜೆಂಟು ಬರುವವನಿದ್ದ. ತಪ್ಪು ಬಟ್ಟೆ ಕತ್ತರಿಸಿದರೆ ಆರ್ಡರೇ ಹೋಗುತ್ತಿತ್ತು. ಇನ್ನೊಂದು ಮಾದರಿ ತರಿಸುವುದೆಂದರೆ ಆ ಕಾಲದಲ್ಲಿ ಒಂದು ತಿಂಗಳು.

ಸಂಜೆ ನಾಲ್ಕರ ಹೊತ್ತಿಗೆ ಗೋಪಾಲಪ್ಪನವರ ಕ್ಯಾಬಿನ್ನಿನಿಂದ ಕೂಗಾಟ ಕೇಳಿಸಿತು. "ರೀ ರಾಯಪ್ಪ, ಟಪಾಲ್ ರಿಜಿಸ್ಟರ್ ತಗೊಂಬನ್ರಿ!"

ಹೋದೆ. ಮೇಜಿನ ಮೇಲೆ ಎರಡು ಥಾನು ಬಿಚ್ಚಿ ಹರಡಿದ್ದರು. ಬಣ್ಣ ನೋಡಿದ ತಕ್ಷಣ ಬೋರ್ಡಿನ ಮೇಲಿನ ಪಿನ್ನುಗಳು ನೆನಪಾದವು. ಶ್ಯಾಮಣ್ಣ ಕೈ ಕಟ್ಟಿ ನಿಂತಿದ್ದ. ಐವತ್ತೈದು ದಾಟಿದ ಮನುಷ್ಯ, ಯಾರ ಮುಂದೆಯೂ ದನಿ ಎತ್ತಿದವನಲ್ಲ.

"ನನ್ ಕೈಗೆ ಬಂದಿಲ್ಲ ಸಾರ್. ಬಂದಿದ್ರೆ ನನ್ ಪೆಟ್ಟಿಗೇಲಿ ಇರೋದು."

ಗೋಪಾಲಪ್ಪನವರು ರಿಜಿಸ್ಟರು ಕಿತ್ತುಕೊಂಡು ಹಾಳೆ ತಿರುವಿದರು. "ಏನ್ರೀ ಇದು? ಸ್ಯಾಂಪಲ್ ರೂಮಿಗೆ ಕೊಟ್ಟಿದೆ. ಕೆಳಗೆ ಯಾರ ಸಹಿ?"

ಶ್ಯಾಮಣ್ಣ ಬಗ್ಗಿ ನೋಡಿದ. "ನಂದೇ ಸಾರ್," ಅಂದ. ಆಮೇಲೆ ನನ್ನ ಕಡೆ ತಿರುಗಿ, "ಕೊಟ್ಟಿದ್ರೇನಪ್ಪಾ ರಾಯಪ್ಪ? ನಂಗೆ ನೆನಪೇ ಆಗ್ತಿಲ್ವಲ್ಲ," ಅಂದ.

ಆಗ ಹೇಳಬಹುದಿತ್ತು. ಎರಡು ಮಾತು. ಏಪ್ರಿಲ್ಲಿನಲ್ಲಿ ನನ್ನ ಕೆಲಸ ಖಾಯಂ ಆಗಬೇಕಿತ್ತು, ಸುಳ್ಳು ಬರೆದ ರಿಜಿಸ್ಟರು ಅವರ ಕೈಯಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ.

"ಸೋಮವಾರ ಬೆಳಿಗ್ಗೆ ಒಳಗೆ ತುಂಡು ಸಿಗ್ಲಿಲ್ಲ ಅಂದ್ರೆ ನೀವು ಕೆಲಸಕ್ಕೆ ಬರ್ಬೇಡಿ," ಅಂದರು ಗೋಪಾಲಪ್ಪನವರು ಶ್ಯಾಮಣ್ಣನಿಗೆ.

ಹೊರಗೆ ಪಡಸಾಲೆಯಲ್ಲಿ ನೆಲ ಒರೆಸುತ್ತಿದ್ದ ಪಿಳ್ಳಮ್ಮ ತೆರೆದ ಬಾಗಿಲಿನಿಂದ ಥಾನುಗಳನ್ನು ನೋಡಿದಳು. ಒರೆಸುವ ಬಟ್ಟೆ ಕೈಬಿಟ್ಟು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಬಾಗಿಲಲ್ಲಿ ನಿಂತಳು. ಅವಳ ಎಡ ಅಂಗೈಯಲ್ಲಿ ಒಂಬತ್ತು ಪಿನ್ನುಗಳಿದ್ದವು. ನಾನು ನೋಡಿದೆ. ಅವಳೂ ನನ್ನನ್ನು ನೋಡಿದಳು. ಒಳಗೆ ಬರದೆ ಹಾಗೇ ನಿಂತಳು. ಮ್ಯಾನೇಜರಿಗೆ ಹೆದರಿ ನಿಂತಿದ್ದಾಳೆ ಅಂದುಕೊಂಡೆ ನಾನು. ಪಕ್ಕಕ್ಕೆ ತಿರುಗಿ ರಿಜಿಸ್ಟರಿನ ಹಾಳೆ ನೋಡತೊಡಗಿದೆ.

ಆಮೇಲೆ ಅವಳು ಒಳಗೆ ಬಂದಳು.

"ಸಾ, ಶಾಮಣ್ಣಾರ್ನ ಬೈಬ್ಯಾಡಿ. ಅದು ಅವ್ರ ಕೈಗೆ ಓಗೇ ಇಲ್ಲ. ಟಪಾಲ್ ಜೊತೆ ಮ್ಯಾಜ್ ಮ್ಯಾಗೆ ಮಡ್ಗಿತ್ತು. ಕಸ ಅನ್ಕಂಡು ನಾನೇ ಎತ್ಕಂಡೆ," ಅಂದು ಅಂಗೈ ಚಾಚಿದಳು.

ಗೋಪಾಲಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಂದು ಪಿನ್ನು ಕಿತ್ತುಕೊಂಡು ಎರಡೂ ಥಾನಿನ ಮೇಲೆ ಇಟ್ಟು ನೋಡಿದರು. ಯಾವುದಕ್ಕೂ ಕೂಡಲಿಲ್ಲ. ಐದಾರು ವಾರದ ಬಿಸಿಲಿಗೆ ಪಿನ್ನಿನ ತಲೆ ಬೂದಿ ಬಣ್ಣಕ್ಕೆ ತಿರುಗಿತ್ತು. ದಿನಾ ನೋಡುತ್ತಿದ್ದ ನನಗೇ ಅದು ತಿಳಿದಿರಲಿಲ್ಲ.

"ಹಾಳಾಗೋಯ್ತು! ಬಣ್ಣಾನೇ ಹೋಗಿದೆಯಲ್ಲೇ ಇದ್ರದ್ದು!" ಅಂತ ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

"ತಡೀರಿ ಸಾ," ಅಂದಳು ಪಿಳ್ಳಮ್ಮ. ಶ್ಯಾಮಣ್ಣನ ಕೊರಳಿಗೆ ನೇತಾಡುತ್ತಿದ್ದ ದಾರ ಕತ್ತರಿ ಕೇಳಿ ತೆಗೆದುಕೊಂಡು ನೆಲದ ಮೇಲೆ ಕುಳಿತಳು. ಗುಂಡಿಯ ದಾರ ಕತ್ತರಿಸಿದಳು. ಪಿನ್ನಿನ ಹಿಂದಿನ ಗಂಟು ಕತ್ತರಿಸಿ, ಸುಕ್ಕು ಬಿಡಿಸಿ, ತೊಡೆಯ ಮೇಲಿಟ್ಟು ಹೆಬ್ಬೆರಳಿನಿಂದ ಉಜ್ಜಿದಳು. ನಡುವೆ ಬೂದಿ, ಸುತ್ತ, ಒಳಗೆ ಮಡಚಿಕೊಂಡಿದ್ದ ಕಡೆ, ಉಗುರಿನಗಲ ಹೊಚ್ಚಹೊಸ ಅವರೆ ಹೂವಿನ ಬಣ್ಣ. ಒಂದಾದ ಮೇಲೊಂದರಂತೆ ಒಂಬತ್ತನ್ನೂ ಬಿಚ್ಚಿದಳು. ನಾನು ಹೇಳಿದಂತೆ ಅಂಟು ಮೆತ್ತಿದ್ದರೆ ಆ ಅಂಚೆಲ್ಲ ಕರೆಗಟ್ಟಿ ಹೋಗಿರುತ್ತಿತ್ತು.

ಶ್ಯಾಮಣ್ಣ ಆ ತುಂಡುಗಳನ್ನು ಕಿಟಕಿಯ ಬೆಳಕಿಗೆ ಒಯ್ದು ಥಾನಿನ ಅಂಚಿಗೆ ಹಿಡಿದ. "ಕೆಂಪು ತಿರುಗಿರೋದು ಸಾರ್. ಇದೇ. ಕೂದ್ಲಷ್ಟೂ ವ್ಯತ್ಯಾಸ ಇಲ್ಲ," ಅಂದ. ಗೋಪಾಲಪ್ಪನವರು ದೊಡ್ಡದಾಗಿ ಉಸಿರು ಬಿಟ್ಟರು. ಶ್ಯಾಮಣ್ಣನ ಕೆಲಸ ಉಳಿಯಿತು, ಆರ್ಡರು ಉಳಿಯಿತು, ನಾನೂ ಉಳಿದುಕೊಂಡೆ.

ಪಿಳ್ಳಮ್ಮನ ಚೀಲ ಉಳಿಯಲಿಲ್ಲ. "ಟಪಾಲಿಗೆ ಕೈ ಹಾಕೋದು ಅಂದ್ರೆ ಕಳ್ಳತನ ಅದು. ಕೆಲಸದಿಂದ ತೆಗೀಬೇಕಿತ್ತು, ಬಿಟ್ಟಿದೀನಿ," ಅಂದರು ಗೋಪಾಲಪ್ಪನವರು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಳ್ರೀ. ಇನ್ನು ಮೇಲೆ ಯಾರೂ ಒಂದು ಚೂರು ಬಟ್ಟೆ, ಒಂದು ಗುಂಡಿ ಹೊರಗೆ ಒಯ್ಯಕೂಡದು. ಇವತ್ತೇ ನೋಟಿಸ್ ಹಾಕಿ," ಅಂದರು.

ಬರೆದುಕೊಂಡೆ. ಟೈಪು ಮಾಡಿದೆ. ಬೋರ್ಡಿಗೆ ಚುಚ್ಚಲು ಹೋದರೆ ಕೈಗೆ ಸಿಕ್ಕಿದ್ದು ಅವಳದೇ ಪಿನ್ನುಗಳು, ಆ ಮೊದಲ ದಿನದ ಕೆಂಪು, ಚೌಕುಳಿ, ಹಳದಿ. ಬೇರೆ ಪಿನ್ನು ಆಫೀಸಿನಲ್ಲೇ ಇರಲಿಲ್ಲ. ಎರಡು ಚುಚ್ಚುವಷ್ಟರಲ್ಲಿ ಪಿಳ್ಳಮ್ಮ ಹಿಂದೆ ಬಂದು ನಿಂತಳು.

"ಏನ್ ಸಾ ಬರ್ದದೆ?"

ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಸೆರಗಿನ ತುದಿಯಿಂದ ಬೋರ್ಡಿನ ಅಂಚಿನ ಧೂಳು ಒರೆಸಿದಳು.

"ಕೆಳ್ಗಡೆ ಎರ್ಡು ಮೂಲೆಗೂ ಚುಚ್ಚಿ ಸಾ. ಗಾಳಿಗೆ ಆರೋಯ್ತದೆ," ಅಂದು ಹೋದಳು.

ಮಾರನೇ ದಿನ ಶನಿವಾರ. ನನ್ನ ಕಿಟಕಿಗೆ ಯಾರೂ ಬರಲಿಲ್ಲ. ಬಸ್ಸಿಗೆ ನಿಂತಾಗ ಅವಳು ಹೊಲದ ದಾರಿಯಲ್ಲಿ ಬರಿಗೈಯಲ್ಲಿ ಹೋಗುತ್ತಿದ್ದಳು. ತಲೆಯ ಮೇಲೆ ಏನೂ ಇಲ್ಲದ್ದರಿಂದ ಕೈಗಳನ್ನು ಎಲ್ಲಿಡಬೇಕೋ ತಿಳಿಯದವಳಂತೆ ಕಂಡಳು. ನಾನು ಬೇರೆ ಕಡೆ ನೋಡಿದೆ. ಮೇಜಿನ ಮೇಲಿನ ಕೊಂಬಿನ ಸ್ಟ್ಯಾಂಡಿನಿಂದ ಪೆನ್ನು ತೆಗೆಯುವಾಗೆಲ್ಲ ಗೊಂಡೆ ಕೈಗೆ ತಾಗುತ್ತಿತ್ತು. ಪೆನ್ನುಗಳನ್ನು ಮತ್ತೆ ಜೇಬಿಗೇ ಸೇರಿಸಿಕೊಂಡೆ. ಅವಳು ಎಂದಿನಂತೆ ಬಂದು ಮೇಜು ಒರೆಸಿ, ಸ್ಟ್ಯಾಂಡು ಎತ್ತಿ, ಕೆಳಗೂ ಒರೆಸಿ, ಇದ್ದಲ್ಲೇ ಇಟ್ಟು ಹೋಗುತ್ತಿದ್ದಳು. ನನಗೆ ಒಂದು ಕೆಟ್ಟ ಮಾತು ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡನೇ ಶನಿವಾರ ಬೆಳಿಗ್ಗೆ ಬೋರ್ಡಿನ ಮುಂದೆ ನಿಂತೆ. ಆ ನೋಟಿಸಿನ ಒಂದು ಮೂಲೆಯ ಪಿನ್ನು ಬಿದ್ದುಹೋಗಿರಬೇಕು. ಅದರ ಜಾಗದಲ್ಲಿ ಹೊಸದೊಂದು ಇತ್ತು. ಬಟ್ಟೆಯಲ್ಲ, ಗುಂಡಿಯಲ್ಲ. ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಹುಣಸೆ ಬೀಜ, ಪಿನ್ನಿನ ತಲೆಗೆ ಸೈಕಲ್ ಶಾಪಿನ ಸಲ್ಯೂಷನ್ ಹಾಕಿ ಅಂಟಿಸಿದ್ದು.

ನೆಲ ಒರೆಸುತ್ತಿದ್ದ ಪಿಳ್ಳಮ್ಮ ಅಲ್ಲಿಂದಲೇ, "ಫ್ಯಾಕ್ಟ್ರೀದಲ್ಲ ಸಾ ಅದು. ನಮ್ಮನೇದು," ಅಂದಳು.

ಕಳ್ಳಿಯಲ್ಲ ಅಂತ ಅವಳು ನನಗೆ ಲೆಕ್ಕ ಒಪ್ಪಿಸುತ್ತಿದ್ದಳು. ನನಗೆ! ಅಲ್ಲಿಂದ ನೆಟ್ಟಗೆ ಕ್ಯಾಬಿನ್ನಿಗೆ ಹೋದೆ. ಕೂರದೆ, ನಿಂತೇ, ಪತ್ರ ಬಂದ ದಿನದಿಂದ ಶುರುಮಾಡಿ ಎಲ್ಲ ಹೇಳಿದೆ. ಕೊಡುವ ಮುಂಚೆಯೇ ಕೊಟ್ಟಿದೆ ಅಂತ ಬರೆದದ್ದು, ಶ್ಯಾಮಣ್ಣನ ಕೈಲಿ ನೋಡದೆ ಸಹಿ ಹಾಕಿಸಿದ್ದು, ಆ ತುಂಡನ್ನು ನನ್ನ ಕೈಯಾರೆ ಪಿಳ್ಳಮ್ಮನಿಗೆ ಕೊಟ್ಟದ್ದು. ಕೆಲಸ ಹೋಗುತ್ತದೆ ಅಂತಲೇ ಗಟ್ಟಿ ಮಾಡಿಕೊಂಡಿದ್ದೆ.

ಗೋಪಾಲಪ್ಪನವರು ನಕ್ಕುಬಿಟ್ಟರು. "ಅಯ್ಯೋ, ಇಷ್ಟೇನಾ? ಆರ್ಡರ್ ಉಳೀತಲ್ಲ ಬಿಡ್ರಿ. ಕೂತ್ಕೊಳ್ರಿ, ಟೀ ಕುಡೀರಿ. ಇನ್ಮೇಲೆ ರಿಜಿಸ್ಟರ್ ನೆಟ್ಟಗೆ ಬರೀರಿ."

ಟೀ ಬಂತು. ಅವಳು ಮಾಡದ ತಪ್ಪಿಗೆ ಅವಳ ಚೀಲ ಹೋಯಿತು, ನಾನು ಮಾಡಿದ ತಪ್ಪಿಗೆ ನನಗೆ ಟೀ ಬಂತು. ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು. "ಸಾರ್, ನನ್ ಹೆಸರಲ್ಲೂ ಒಂದು ನೋಟಿಸ್ ಹಾಕಿ. ಇಲ್ಲಾಂದ್ರೆ ಅವಳ್ದನ್ನ ತೆಗೀರಿ," ಅಂದೆ. ಅವರ ನಗು ನಿಂತಿತು. "ಹೋಗ್ರಿ, ನಿಮ್ ಇಷ್ಟ ಬಂದಂಗೆ ಪಾಸ್ ಬರ್ಕೊಳ್ರಿ. ತಲೆ ತಿನ್ಬೇಡಿ," ಅಂದು ಫೋನು ಎತ್ತಿಕೊಂಡರು. ಟೀ ಹಾಗೇ ಬಿಟ್ಟು ಬಂದು ನೋಟಿಸು ಕಿತ್ತೆ. ಹುಣಸೆ ಬೀಜದ ಪಿನ್ನನ್ನು ಜೇಬಿಗೆ ಹಾಕಿಕೊಂಡೆ. ಅದು ಈಗಲೂ ನನ್ನ ಬಳಿ ಇದೆ.

ಮೊದಲು ಸ್ಯಾಂಪಲ್ ರೂಮಿಗೆ ಹೋಗಿ ಶ್ಯಾಮಣ್ಣನಿಗೆ ಹೇಳಿದೆ. ಅವನು ಕನ್ನಡಕ ಹಾಕಿಕೊಂಡು ನನ್ನನ್ನೊಮ್ಮೆ ನೋಡಿದ, ಮತ್ತೆ ತೆಗೆದಿಟ್ಟ. ಅಂದಿನಿಂದ ರಿಜಿಸ್ಟರಿಗೆ ಸಹಿ ಹಾಕುವಾಗ ಮಾತ್ರ ಪ್ರತಿ ಸಾಲನ್ನೂ ಓದಿಯೇ ಹಾಕುತ್ತಿದ್ದ.

ಸಂಜೆ ನಾನೇ ಗೋಣಿಚೀಲ ಹಿಡಿದು ಕಟಿಂಗ್ ಟೇಬಲ್ಲಿನ ಹತ್ತಿರ ಹೋಗಿ ಪಿಳ್ಳಮ್ಮನನ್ನು ಕರೆದೆ. ಅವಳು ನಂಬಲಿಲ್ಲ. ಬೋರ್ಡಿನ ಬರಿ ಜಾಗ ತೋರಿಸಿದ ಮೇಲೆ ನಂಬಿದಳು. ನೆಲದ ಮೇಲೆ ಕೂತು ಎರಡು ವಾರದ ಹಸಿವು ತೀರುವ ಹಾಗೆ ಆರಿಸಿದಳು. ರಾಶಿಯಲ್ಲಿ ನೇರಳೆ ತುಂಡುಗಳು ಬೇಕಾದಷ್ಟಿದ್ದವು. ಆ ಆರ್ಡರಿನ ಕಟಿಂಗು ಆಗಷ್ಟೇ ಮುಗಿದಿತ್ತು. ಅವುಗಳನ್ನು ಒಂದೊಂದಾಗಿ ಎತ್ತಿ ಮಡಿಚಿ ಚೀಲದ ತಳಕ್ಕಿಟ್ಟಳು.

ನನ್ನ ಕಿಟಕಿಗೆ ಬಂದಾಗ ಪಾಸು ಬರೆದೆ. ವಿವರ ಅನ್ನುವ ಕಡೆ ಬಂದು ಪೆನ್ನು ನಿಂತಿತು. "ಪಿಳ್ಳಮ್ಮನ ಕೆಲಸದ ಸಾಮಾನು, ಒಂದು ಚೀಲ" ಅಂತ ಬರೆದೆ. ಅವಳು ಕೇಳುವ ಮೊದಲೇ ಓದಿ ಹೇಳಿದೆ. ತಲೆ ಆಡಿಸಿದಳು.

ಅಷ್ಟಾದರೂ ನನಗೆ ಸಮಾಧಾನವಿಲ್ಲ. ಕೇಳಿಯೇಬಿಟ್ಟೆ. "ನಾನೇ ಕೊಟ್ಟಿದ್ದು ಅಂತ ಅವತ್ತು ಯಾಕಮ್ಮ ಹೇಳ್ಲಿಲ್ಲ?"

ಅವಳು ಪಾಸನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು.

"ಯೋಳ್ಬಾರ್ದು ಅಂತೇನಿಲ್ಲ ಸಾ. ನೀವೇ ಯೋಳ್ತೀರೇನೋ ಅಂತ ಬಾಗ್ಲಾಗೆ ವಸಿ ಒತ್ತು ನಿಂತಿದ್ದೆ," ಅಂದಳು. ಬಗ್ಗಿ ಚೀಲ ಎತ್ತಿದಳು. ಭಾರವಾಗಿತ್ತು. ನಾನು ಕಿಟಕಿಯ ಆಚೆಗೆ ಎರಡೂ ಕೈ ಚಾಚಿ, ಅದನ್ನು ಅವಳ ತಲೆಯ ಮೇಲಿಡಲು ಕೈ ಕೊಟ್ಟೆ.